ಕಾಯಿಯ ಸದ್ದು ಅಳೆದ ವರ್ಷ

ಮೊನ್ನೆ ಹಾಸನದಿಂದ ತುಮಕೂರಿಗೆ ಹೋಗುವಾಗ ಬಸ್ಸು ತಿಪಟೂರಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಕಿಟಕಿಯ ಪಕ್ಕಕ್ಕೇ ಒಂದು ಗೂಡ್ಸ್ ಆಟೋ, ಅದರ ತುಂಬ ಕೊಬ್ಬರಿ ಚೀಲ. ಒಂದು ಚೀಲದ ಬಾಯಿ ಬಿಚ್ಚಿಕೊಂಡಿತ್ತು. ಎಣ್ಣೆ, ಹೊಗೆ, ಹಳೆಯ ಮಟ್ಟೆಯ ಧೂಳು ಮೂರೂ ಬೆರೆತ ಉಂಡೆ ಕೊಬ್ಬರಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಅಡುಗೆಮನೆ ನೆನಪಾಗಬಹುದು. ನನಗೆ ನೆನಪಾದದ್ದು ಅರಳಗುಪ್ಪೆಯ ದೊಡ್ಡಮ್ಮನ ಮನೆಯ ಅಟ್ಟ, ಮತ್ತು ಅದರ ಮೇಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಎಲ್ಲರ ಕೈಲೂ ಬೈಸಿಕೊಂಡ ನನ್ನ ಇಂಜಿನಿಯರಿಂಗಿನ ಕೊನೆಯ ವರ್ಷ.

ನಮ್ಮೂರು ಹುಳಿಯಾರಿನ ಆಚೆ. ಅಲ್ಲಿಂದ ದಿನಾ ತಿಪಟೂರಿನ ಕಾಲೇಜಿಗೆ ಬಂದು ಹೋಗುವುದು ಆಗದ ಮಾತು. ಹಾಗಾಗಿ ಅಮ್ಮ ನನ್ನನ್ನು ತಿಪಟೂರಿಗೆ ಹತ್ತಿರವಿದ್ದ ಅರಳಗುಪ್ಪೆಯ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ದೊಡ್ಡಮ್ಮನ ಹೆಸರು ಗೌರಮ್ಮ. ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿದ್ದವರು ದೊಡ್ಡಮ್ಮ, ಅವಳ ಮಗ ಲೋಕೇಶಣ್ಣ, ಅವನ ಹೆಂಡತಿ ಸುಮಿತ್ರಾ ಅತ್ತಿಗೆ. ಲೋಕೇಶಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏನಮ್ಮಾ ಇಂಜಿನಿಯರು, ಕಾಫಿ ಕುಡುದ್ಯಾ?" ಎನ್ನುತ್ತಿದ್ದ. ಆಗ ಸದ್ದು, ಅಲೆಗಳ ಲೆಕ್ಕ ಕಲಿಸುವ ಸಿಗ್ನಲ್ಸ್ ಪೇಪರ್ ನನಗೆ ಬಾಕಿ ಉಳಿದಿತ್ತು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಆ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಕಾಯುವ ಕೆಲಸ. ಬಲಿತ ಕಾಯಿಗಳನ್ನು ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ, ಕೆಳಗೆ ಆಗಾಗ ಹೊಗೆ ಹಾಕುತ್ತ, ವರ್ಷ ತುಂಬುವ ತನಕ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕುಗ್ಗುತ್ತದೆ, ಕೊನೆಗೆ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಬಿಟ್ಟುಕೊಂಡಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಉಂಡೆ ಆಡಿದರೆ ಸುಲಿಯಲು ಹಾಕುವುದು, ಇಲ್ಲದಿದ್ದರೆ ರಾಶಿಗೆ ವಾಪಸ್ ಹಾಕುವುದು. ಆತುರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡೇ ಚೂರಾಗುತ್ತದೆ, ಇಲ್ಲವೇ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಒಡೆದ ಕಾಯನ್ನು ಮತ್ತೆ ಅಟ್ಟಕ್ಕೆ ಹಾಕುವ ಹಾಗಿಲ್ಲ.

ಅಲ್ಲಾಡಿಸಿ ಕೇಳುವ ಕೆಲಸ ದೊಡ್ಡಮ್ಮನದು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಅತ್ತೆ ಕೈಗಿಟ್ಟ ಕೆಲಸವಂತೆ. ಆಮೇಲೆ ಅದನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಮನೆಯ ಬೀಗದ ಕೈಯನ್ನು ಸೊಸೆಗೆ ಕೊಟ್ಟಿದ್ದಳು, ಹಾಲಿನ ಲೆಕ್ಕವನ್ನೂ ಕೊಟ್ಟಿದ್ದಳು. ಅಟ್ಟ ಮಾತ್ರ ಅವಳದೇ ಆಗಿತ್ತು.

ಆ ವರ್ಷ ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ, ಮಾರುಕಟ್ಟೆಗೆ ಹಾಕಿದ ನಮ್ಮ ಕೊಬ್ಬರಿ ಲಾಟು ವಾಪಸ್ ಬಂತು. ಹಸಿ ಉಂಡೆ ಜಾಸ್ತಿ ಅಂತ. ಆ ಮನೆಯ ಮಟ್ಟಿಗೆ ಹಾಗೆಂದೂ ಆಗಿರಲಿಲ್ಲ. ಲೋಕೇಶಣ್ಣ ಚೀಲ ಇಳಿಸಿದ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೆಂಡತಿಗೆ ಮೆಲ್ಲಗೆ ಹೇಳಿದ: "ಅವ್ವಂಗೆ ಕಿವಿ ಹೋಗ್ಬುಟ್ಟೈತೆ ಕಣೇ. ಇನ್ಮೇಲೆ ಈ ಅಟ್ಟದ ಸಾವಾಸ ಬ್ಯಾಡ." ಎದುರಿಗೇ ಕೂತಿದ್ದ ದೊಡ್ಡಮ್ಮನಿಗೆ ಅವನ ಮಾತು ಕೇಳಿಸಲಿಲ್ಲ. ಆದರೆ ನಮ್ಮ ಮುಖ ಕಂಡಿತು. ಮುದ್ದೆ ಮುರಿದವಳು ಹಾಗೇ ತಟ್ಟೆಯಲ್ಲಿಟ್ಟು ಎದ್ದು ಹೋದಳು.

ಲೋಕೇಶಣ್ಣ ಕೆಟ್ಟವನಲ್ಲ. ಅವನ ಯೋಚನೆಯೂ ಪೂರ್ತಿ ತಪ್ಪಲ್ಲ. ಎಳನೀರು ವ್ಯಾಪಾರಿಯೊಬ್ಬ ತೋಟ ನೋಡಿಕೊಂಡು ಹೋಗಿದ್ದ. ಮರದ ಮೇಲಿನ ಎಳೆ ಕಾಯನ್ನೇ ಅವನ ಆಳುಗಳು ಬಂದು ಇಳಿಸಿಕೊಂಡು ಹೋಗುತ್ತಾರೆ, ವರ್ಷಗಟ್ಟಲೆ ಕಾಯುವ ರಗಳೆ ಇಲ್ಲ. ಸುತ್ತಮುತ್ತ ಎಷ್ಟೋ ಮನೆಯ ಅಟ್ಟ ಹಾಗೆಯೇ ಖಾಲಿಯಾಗಿತ್ತು. ಶಿವರಾತ್ರಿ ಕಳೆದ ಮೇಲೆ ಬಾ, ಮಾತು ಕೊಡುತ್ತೇನೆ ಎಂದು ಲೋಕೇಶಣ್ಣ ಅವನಿಗೆ ಹೇಳಿ ಕಳಿಸಿದ್ದ. ಅಟ್ಟ ಬಿಚ್ಚಿದರೆ ಆ ಜಾಗಕ್ಕೆ ತನ್ನ ಮಿಲ್ಲನ್ನು ಬೆಳೆಸಬಹುದು, ಖಾರದಪುಡಿ ಮಿಷನ್ನು ತಂದು ಹಾಕಬಹುದು ಎಂಬ ಆಸೆಯೂ ಇತ್ತು. ಮಿಲ್ಲೆಂದರೆ ರಾಗಿ ಬೀಸುವ ಮಿಲ್ಲು. ಮಿಲ್ಲು ಓಡಲು ಬೇಕಾದ ತ್ರೀ ಫೇಸ್ ಕರೆಂಟು ಹಳ್ಳಿಗೆ ದಿನವಿಡೀ ಇರುವುದಿಲ್ಲ. ಮೊದಲೆಲ್ಲ ರಾತ್ರಿ ಹೊತ್ತು ಕೊಡುತ್ತಿದ್ದದ್ದನ್ನು ಆ ವರ್ಷ ಹಗಲಿಗೆ ಬದಲಾಯಿಸಿದರು. ಹಗಲು ಕರೆಂಟು ಸಿಕ್ಕಿದ್ದೇ ತಡ, ಅವನು ಹಳೇ ಕೊಟ್ಟಿಗೆಯಲ್ಲಿ ಮಿಲ್ಲು ಕೂರಿಸಿದ. ಅಟ್ಟಕ್ಕೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ದೊಡ್ಡಮ್ಮನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಡಾಕ್ಟರು ಕಿವಿಗೆ ಏನೇನೋ ಸಿಕ್ಕಿಸಿ ಪರೀಕ್ಷೆ ಮಾಡಿ, "ವಯಸ್ಸಾಯ್ತಲ್ಲಮ್ಮ. ಗುಂಯ್ ಅನ್ನೋ ದಪ್ಪ ಸದ್ದು ಇನ್ನೂ ಚೆನ್ನಾಗೇ ಕೇಳ್ತಾ ಇದೆ, ಟಿಣ್ ಅನ್ನೋ ಸಣ್ಣ ಸದ್ದು ಹೋಗಿದೆ. ಕಿವಿಗೆ ಮಿಷನ್ ಹಾಕ್ಕೊಳ್ಳಿ" ಎಂದರು. ಮಿಷನ್ನು ಹಾಕಿಸಿಕೊಂಡು ಮನೆಗೆ ಬಂದ ದೊಡ್ಡಮ್ಮ ಮಾರನೆಯ ದಿನವೇ ಅದನ್ನು ಕಿತ್ತು ಗೂಡಿನಲ್ಲಿಟ್ಟಳು. "ತಲೆ ಒಳ್ಗೇ ಮಿಲ್ಲು ಕೂತಂಗಾಯ್ತದೆ ಕಣವ್ವ. ಬ್ಯಾಡ ಬುಡು."

ಆಮೇಲೆ ಅವಳು ಅಟ್ಟ ಹತ್ತುವುದನ್ನು ಬಿಟ್ಟಳು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬದಲು ಅತ್ತಿಗೆ ಹತ್ತಿ ಕಾಯಿ ಅಲ್ಲಾಡಿಸಿ ಇಳಿದು ಬಂದರೆ ತಲೆಯೆತ್ತಿ ನೋಡುತ್ತಿರಲಿಲ್ಲ. ನನಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಕಾಲೇಜಿನಲ್ಲಿ ಪ್ರಾಜೆಕ್ಟಿನ ವಿಷಯ ಕೇಳಿದರು. ನಮ್ಮದು ನಾಲ್ವರ ಗುಂಪು. ಉಳಿದ ಮೂವರು ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ನೆಮ್ಮದಿಯಾಗಿದ್ದರು. ನಾನು ಗೈಡ್ ಮೇಡಂ ಹತ್ತಿರ ಹೋಗಿ, "ಒಣಗಿದ ಕಾಯಿ ಯಾವುದು, ಒಣಗದ್ದು ಯಾವುದು ಅಂತ ಸದ್ದು ನೋಡಿ ಹೇಳೋದು ಮಾಡ್ತೀನಿ ಮೇಡಂ" ಎಂದೆ. ಅವರು ಕನ್ನಡಕ ಸರಿ ಮಾಡಿಕೊಂಡು, "ಸಿಗ್ನಲ್ಸ್ ಪಾಸಾಗದವಳಿಗೆ ಇದು ಬೇಕಾ?" ಎಂದರು. "ಬೇಕು" ಎಂದೆ. ದೊಡ್ಡಮ್ಮನ ಕಿವಿ ಮಾಡುವ ಕೆಲಸವನ್ನು ಫೋನು ಮಾಡಿದರೆ ಅವಳು ಮತ್ತೆ ಅಟ್ಟ ಹತ್ತಬಹುದು ಎನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಲೋಕೇಶಣ್ಣನಿಗೂ ಹೇಳಿದೆ. ಅವನು ನಕ್ಕ. "ಮಾಡಮ್ಮ, ಮಾಡು. ಶಿವರಾತ್ರಿ ಆದ್ಮೇಲೆ ಒಂದು ಲಾಟು ಹಾಕ್ತೀವಲ್ಲ, ಅದು ವಾಪಸ್ ಬರ್ದಿದ್ರೆ ಅಟ್ಟ ಇರ್ಲಿ. ಬಂದ್ರೆ ಮಾತ್ರ ನಾನು ಯಾರ ಮಾತೂ ಕೇಳಲ್ಲ."

ಸದ್ದನ್ನು ಬಿಡಿಸಿ ನೋಡುವ ಲೆಕ್ಕವೊಂದಿದೆ. ನಾವು ಒಂದೇ ಎಂದುಕೊಳ್ಳುವ ಸದ್ದಿನಲ್ಲಿ ಹಲವು ಸದ್ದು ಬೆರೆತಿರುತ್ತವೆ. ರಾಗಿ, ಹುರುಳಿ, ಅವರೆ ಬೆರೆತ ರಾಶಿಯನ್ನು ಜರಡಿ ಹಿಡಿದು ಬೇರೆ ಬೇರೆ ಗುಡ್ಡೆ ಮಾಡುವ ಹಾಗೆ, ಈ ಲೆಕ್ಕವು ದಪ್ಪ ಸದ್ದನ್ನು ಎಡಕ್ಕೆ, ಸಣ್ಣ ಸದ್ದನ್ನು ಬಲಕ್ಕೆ ಹಾಕಿ, ಯಾವುದು ಎಷ್ಟಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ಪುಕ್ಕಟೆಯಾಗಿ ಸಿಗುವ ಲೆಕ್ಕದ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಫೋನಿನಲ್ಲಿ ಹಿಡಿದ ಸದ್ದನ್ನು ಅದಕ್ಕೆ ಕೊಟ್ಟು ನಾಲ್ಕು ಸಾಲು ಕೋಡ್ ಬರೆದರೆ ಪರದೆಯ ಮೇಲೆ ಗುಡ್ಡ ಏಳಬೇಕು.

ಮೊದಲ ದಿನ ಎದ್ದದ್ದು ಸೊನ್ನೆಯ ಹತ್ತಿರ ಒಂದೇ ಒಂದು ಕಂಬ. ಉಳಿದದ್ದೆಲ್ಲ ನೆಲಕ್ಕಂಟಿತ್ತು. ಏನನ್ನೋ ಕಂಡುಹಿಡಿದೆನೆಂದು ಓಡಿಹೋಗಿ ಮೇಡಂಗೆ ತೋರಿಸಿದೆ. "ಅದು ಸದ್ದಲ್ಲ ಕಣಮ್ಮ, ನಿನ್ನ ಅಂಕಿಗಳ ಸರಾಸರಿ. ಮೊದಲು ಅದನ್ನ ಕಳೆದು ಹಾಕು" ಎಂದರು. ಕಳೆದೆ. ಆಮೇಲೆ ಎಡಕ್ಕೊಂದು ಗುಡ್ಡ, ಬಲತುದಿಯಲ್ಲಿ ಅಂಥದ್ದೇ ಇನ್ನೊಂದು. "ಬಲಗಡೇದು ಕನ್ನಡಿಯೊಳಗಿನ ನೆರಳು. ಅರ್ಧ ಮಾತ್ರ ನೋಡು." ಹೀಗೆ ಒಂದೊಂದೇ ತಪ್ಪು ಮಾಡಿ, ಒಂದೊಂದಕ್ಕೂ ಬೈಸಿಕೊಂಡು, ಎರಡು ವರ್ಷ ತಲೆಗೆ ಹತ್ತದಿದ್ದ ಪಾಠವನ್ನು ಆ ಚಳಿಗಾಲದಲ್ಲಿ ಕಲಿತೆ.

ಕೆಲಸ ಸಾಗಿದ್ದು ಹೀಗೆ. ಬೆಳಿಗ್ಗೆ ಅತ್ತಿಗೆ ಅಟ್ಟದಲ್ಲಿ ಕಾಯಿ ಆರಿಸುವಾಗ ನಾನೂ ಹತ್ತಿ, ಅವರು ಒಣಗಿದೆ ಎಂದ ಕಾಯಿಗಳ ಸದ್ದನ್ನು ಅಲ್ಲೇ ಹಿಡಿಯುತ್ತಿದ್ದೆ. ಒಣಗದ ಕಾಯಿಗಳನ್ನು ಚೀಲಕ್ಕೆ ತುಂಬಿಸಿಕೊಂಡು, ಸಂಜೆ ಕಾಲೇಜಿನಿಂದ ಬಂದ ಮೇಲೆ ಅಂಗಳದಲ್ಲಿ ಕೂತು ಹಿಡಿಯುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ರಾಶಿ ಅಂಕಿ ಸೇರಿತು. ಬಿಡಿಸಿ ನೋಡಿದರೆ ನನಗೇ ನಂಬಲಾಗಲಿಲ್ಲ. ಒಣಗಿದ ಕಾಯಿಗಳಲ್ಲೆಲ್ಲ ಎಡಗಡೆ, ಸೆಕೆಂಡಿಗೆ ನೂರು ಕಂಪನದ ಹತ್ತಿರ, ಚೂಪಾದ ಒಂದು ಕಂಬ. ಒಣಗದ ಕಾಯಿ ಒಂದರಲ್ಲೂ ಅದಿಲ್ಲ. ಒಂದು ಕಾಯಿಯೂ ತಪ್ಪಿಲ್ಲ. ಮೇಡಂ ಖುಷಿಯಾಗಿ ಕಾಲೇಜಿನ ಪ್ರದರ್ಶನಕ್ಕೆ ನನ್ನ ಹೆಸರು ಬರೆಸಿದರು. ಎತ್ತು ಈಯಿತು ಎಂದೆ, ಕೊಟ್ಟಿಗೆಗೆ ಕಟ್ಟು ಎಂದರು. ಇಬ್ಬರಿಗೂ ಅನುಮಾನ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೊಂದು ಬೆಳಿಗ್ಗೆ ಅಟ್ಟದಲ್ಲಿ ಫೋನಿಟ್ಟು ಸದ್ದು ಹಿಡಿಯಲು ಕೂತಿದ್ದೆ. ಕೆಳಗೆ ಹಾಲು ಉಕ್ಕಿತೆಂದು ಅತ್ತಿಗೆ ಕೂಗಿದರು. ಸದ್ದು ಹಿಡಿಯುತ್ತಿದ್ದ ಫೋನನ್ನು ಹಾಗೇ ಬಿಟ್ಟು ಇಳಿದು ಬಂದೆ. ಕಾಲೇಜಿಗೆ ಹೊರಡುವ ಮೊದಲು ಆ ಬೆಳಗಿನ ಸದ್ದುಗಳನ್ನು ಬಿಡಿಸುವಾಗ ಅದೂ ಸಾಲಿನಲ್ಲಿ ಸೇರಿಹೋಗಿತ್ತು. ಕಾಯಿ ಇಲ್ಲ, ಅಲ್ಲಾಡಿಸುವ ಕೈ ಇಲ್ಲ, ಖಾಲಿ ಅಟ್ಟ. ಆದರೂ ನೂರರ ಹತ್ತಿರ ಅದೇ ಕಂಬ ಎದ್ದು ನಿಂತಿತ್ತು, ಎಂದಿಗಿಂತ ಎತ್ತರಕ್ಕೆ.

ಪರದೆಯಿಂದ ತಲೆಯೆತ್ತಿದೆ. ಗೋಡೆಯಾಚೆ ಮಿಲ್ಲು ಓಡುತ್ತಿತ್ತು. ಅದು ದಿನಾ ಓಡುತ್ತಿತ್ತು. ಮನೆಯವರಿಗೆಲ್ಲ ಅಭ್ಯಾಸವಾಗಿ ಆ ಸದ್ದು ಇದೆ ಎಂಬುದೇ ಮರೆತುಹೋಗಿತ್ತು. ಲ್ಯಾಪ್‌ಟಾಪು ಮಾತ್ರ ಮರೆತಿರಲಿಲ್ಲ. ಒಣಗಿದ ಕಾಯಿಗಳನ್ನು ನಾನು ಹಿಡಿದದ್ದು ಬೆಳಿಗ್ಗೆ, ತ್ರೀ ಫೇಸ್ ಇದ್ದಾಗ. ಒಣಗದ ಕಾಯಿಗಳನ್ನು ಹಿಡಿದದ್ದು ಸಂಜೆ, ಅದು ಹೋದ ಮೇಲೆ. ಎರಡು ತಿಂಗಳು ಕಷ್ಟಪಟ್ಟು ನಾನು ಬೇರೆ ಮಾಡಿದ್ದು ಒಣ ಕಾಯಿ, ಹಸಿ ಕಾಯಿಯನ್ನಲ್ಲ. ಕರೆಂಟು ಇದ್ದ ಹೊತ್ತನ್ನು, ಇಲ್ಲದ ಹೊತ್ತನ್ನು. ಅದನ್ನು ತಿಳಿಯಲು ಇಂಜಿನಿಯರಿಂಗ್ ಬೇಕಿಲ್ಲ, ಸ್ವಿಚ್ ಒತ್ತಿ ನೋಡಿದರೆ ಸಾಕು.

ಗುಂಪಿನ ಗೆಳತಿಯೊಬ್ಬಳು, "ಬಿಡೇ, ಯಾರಿಗೆ ಗೊತ್ತಾಗುತ್ತೆ?" ಎಂದಳು. ಪ್ರದರ್ಶನಕ್ಕಷ್ಟೇ ಆಗಿದ್ದರೆ ಅವಳ ಮಾತಿಗೆ ನಾನು ಒಪ್ಪುತ್ತಿದ್ದೆನೋ ಏನೋ. ಆದರೆ ಈ ಲೆಕ್ಕವನ್ನು ನಂಬಿ ಒಂದು ಲಾಟು ಮಾರುಕಟ್ಟೆಗೆ ಹೋಗಬೇಕಿತ್ತು. ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಸರಿ, ಮತ್ತೆ ಮೊದಲಿಂದ ಮಾಡು. ಎಲ್ಲಾ ಕಾಯಿನೂ ಒಂದೇ ಹೊತ್ತಲ್ಲಿ ಹಿಡಿ" ಎಂದರು. ಮಾಡಿಯೇ ತೀರುತ್ತೇನೆ ಎಂದು ಅಲ್ಲಿಂದ ಎದ್ದೆ.

ತ್ರೀ ಫೇಸ್ ಬರುವ ಮೊದಲು, ಬೆಳಕು ಹರಿಯುವಾಗ ಅಟ್ಟ ಹತ್ತತೊಡಗಿದೆ. ಮಾಘದ ಚಳಿ. ಗರಿಗಳಿಂದ ಇಬ್ಬನಿ ತೊಟ್ಟಿಕ್ಕುವುದು ಹೆಂಚಿನ ಮೇಲೆ ಮಳೆಯಂತೆ ಕೇಳುತ್ತಿತ್ತು. ಅದು ನಿಂತ ಮೇಲೆ ಅಳಿಲಿನ ಕಾಟ. ಅಳಿಲು ಸುಮ್ಮನಾದರೆ ಹಾಲಿನ ಗಾಡಿ. ಕೈಬೆರಳು ಮರಗಟ್ಟಿ ಕಾಯಿ ಜಾರುತ್ತಿತ್ತು. ಲೋಕೇಶಣ್ಣ ಕೆಳಗಿನಿಂದ, "ಇಂಜಿನಿಯರು ಕಾಯಿ ಕೂಟೆ ಮಾತಾಡ್ತಾವ್ಳೆ" ಎಂದು ಅತ್ತಿಗೆಗೆ ಹೇಳಿ ನಗುವುದು ಕೇಳುತ್ತಿತ್ತು. ನಗಲಿ ಎಂದುಕೊಂಡೆ. ಒಣಗಿದ್ದು, ಒಣಗದ್ದು ಎರಡನ್ನೂ ಒಂದಾದ ಮೇಲೊಂದು ಅಲ್ಲಾಡಿಸಿ ಸದ್ದು ಹಿಡಿದೆ.

ಈ ಸಲ ಕಂಬ ಇರಲಿಲ್ಲ. ಒಣಗಿದ ಕಾಯಿಯಲ್ಲಿ ಎರಡು ಗುಡ್ಡ ಕಂಡವು. ಬಲಗಡೆಯದು ಉಂಡೆ ಚಿಪ್ಪಿಗೆ ತಾಗುವ ಟಕಟಕ, ಸಣ್ಣ ಸದ್ದು. ಎಡಗಡೆ ಅದಕ್ಕಿಂತ ದೊಡ್ಡ ಗುಡ್ಡ. ಅದು ಮಟ್ಟೆಯೊಳಗೆ ಉಂಡೆ ಹೊರಳಿ ಬೀಳುವ ದಪ್ಪ ಸದ್ದು. ಒಣಗದ ಕಾಯಿಯಲ್ಲಿ ಎರಡೂ ಇರಲಿಲ್ಲ. ಮಿಲ್ಲಿನ ಹಳೆಯ ಕಂಬವನ್ನು ಇದರ ಮೇಲೆ ಇಟ್ಟು ನೋಡಿದೆ. ಎಡಗಡೆಯ ಗುಡ್ಡ ಪೂರ್ತಿ ಅದರಡಿ ಮುಚ್ಚಿಹೋಯಿತು. ಬಲಗಡೆಯದು ಮಾತ್ರ ಹೊರಗೆ ಉಳಿಯಿತು.

ಅಷ್ಟು ಹೊತ್ತಿಗೆ ಡಾಕ್ಟರ ಮಾತು ನೆನಪಾಯಿತು. ದಪ್ಪ ಸದ್ದು ಚೆನ್ನಾಗೇ ಕೇಳುತ್ತದೆ, ಸಣ್ಣ ಸದ್ದು ಹೋಗಿದೆ. ಅತ್ತಿಗೆಗೆ, ನನಗೆ, ಲೋಕೇಶಣ್ಣನಿಗೆ ಬಲಗಡೆಯ ಗುಡ್ಡ ಕೇಳುತ್ತಿತ್ತು. ಮಿಲ್ಲು ಓಡಿದರೂ ನಮಗೆ ತೊಂದರೆಯಿರಲಿಲ್ಲ. ದೊಡ್ಡಮ್ಮನಿಗೆ ಉಳಿದಿದ್ದದ್ದು ಎಡಗಡೆಯದೊಂದೇ. ಬಹುಶಃ ಎಷ್ಟೋ ವರ್ಷದಿಂದ ಅವಳು ಅದೊಂದರಲ್ಲೇ ಕಾಯಿ ಆರಿಸಿದ್ದಳು, ಯಾರಿಗೂ ಗೊತ್ತಾಗಿರಲಿಲ್ಲ. ಹಗಲು ಕರೆಂಟು ಬಂದು ಮಿಲ್ಲು ಕೂತ ವರ್ಷ ಅದೂ ಮುಚ್ಚಿಹೋಯಿತು. ನನ್ನ ಲೆಕ್ಕವನ್ನು ಕೆಡಿಸಿದ ಸದ್ದೇ ಅವಳ ಲಾಟನ್ನೂ ಕೆಡಿಸಿತ್ತು. ಅವಳ ಕಿವಿ ಹೋಗಿರಲಿಲ್ಲ. ಅದಕ್ಕೆ ನಾವು ಜಾಗ ಬಿಟ್ಟಿರಲಿಲ್ಲ.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವಳನ್ನು ಎಬ್ಬಿಸಿದೆ. "ಬುಡವ್ವ, ಕಿವಿ ಇಲ್ದೋಳ್ಗೆ ಅಟ್ಟ ಯಾಕೆ?" ಎಂದು ಕೊಸರಿದಳು. ಕೈ ಹಿಡಿದು ಏಣಿ ಹತ್ತಿಸಿದೆ. ಕಾಯೊಂದನ್ನು ಕೈಗೆ ಕೊಟ್ಟೆ. ಒಲ್ಲದ ಮನಸ್ಸಿನಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಿಲ್ಲಿಸಿದಳು. ಮತ್ತೆ ಅಲ್ಲಾಡಿಸಿದಳು. ಕಣ್ಣು ನನ್ನ ಮೇಲಿತ್ತು. ಮೋಸ ಮಾಡುತ್ತಿದ್ದೇನೋ ಎಂದು ನೋಡುವ ಹಾಗೆ.

"ಆಡ್ತೈತೆ" ಎಂದಳು.

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಆ ಕಾಯನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಚಾಚಿದಳು. ಕಾಯಿಯಾದ ಮೇಲೆ ಕಾಯಿ ಹಿಡಿದು, ಒಣಗಿದ್ದು ಇತ್ತ, ಒಣಗದ್ದು ಅತ್ತ ಹಾಕುತ್ತ ಹೋದಳು. ನನ್ನ ಕಡೆ ನೋಡಲೂ ಪುರಸೊತ್ತಿರಲಿಲ್ಲ.

ಲೋಕೇಶಣ್ಣನಿಗೆ ಗೆರೆ ತೋರಿಸಿ ವಿವರಿಸಿದೆ. ಅವನ ಮುಖ ಬಿಗಿಯಿತು. "ಅಂದ್ರೆ ನನ್ನ ಮಿಲ್ಲಿಂದು ತಪ್ಪು ಅಂತೀಯ. ಜನ ಎರಡು ಮೈಲಿಯಿಂದ ರಾಗಿ ಹೊತ್ಕೊಂಡು ಬತ್ತಾರೆ. ಕರೆಂಟು ಇದ್ದಾಗ ಓಡುಸ್ದೆ ಯಾವಾಗ ಓಡುಸ್ಲಿ?" ನಾನು ಲ್ಯಾಪ್‌ಟಾಪು ಮುಚ್ಚಿದೆ. ಪರದೆಯ ಗುಡ್ಡ ತೋರಿಸಿದರೆ ರಾಗಿ ಹಿಟ್ಟಾಗುವುದಿಲ್ಲ.

ಶಿವರಾತ್ರಿ ಬಂದು ಹೋಯಿತು. ಚಳಿ ಹೋಗಿ ಮಧ್ಯಾಹ್ನದ ಬಿಸಿಲು ಚುರುಗುಟ್ಟತೊಡಗಿತು. ಲಾಟು ಆರಿಸುವ ವಾರ ದೊಡ್ಡಮ್ಮ ದಿನಾ ನಸುಕಿನಲ್ಲೇ ಹತ್ತುತ್ತಿದ್ದಳು. ಅಷ್ಟರಲ್ಲಿ ಮುಗಿಯುತ್ತಿರಲಿಲ್ಲ. ಕರೆಂಟು ಬಂದು ಮಿಲ್ಲು ಶುರುವಾದ ಕೂಡಲೇ ಅವಳು ಕೈಲಿದ್ದ ಕಾಯನ್ನು ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದಳು. ಇಳಿಯುತ್ತಲೂ ಇರಲಿಲ್ಲ, ಯಾರನ್ನೂ ಬಯ್ಯುತ್ತಲೂ ಇರಲಿಲ್ಲ. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ದಿನ ಲೋಕೇಶಣ್ಣ ಹಿಟ್ಟು ಮೆತ್ತಿದ ಮೈಯಲ್ಲೇ ಏಣಿ ಹತ್ತಿ ಬಂದ.

"ಯಾಕವ್ವ, ಸುಮ್ನೆ ಕೂತ್ಬುಟ್ಟೆ?" ಎಂದು ಕೂಗಿದ.

"ನಿನ್ನ ಮಿಲ್ಲು ನಿಲ್ಲಲಿ ಅಂತ ಕಣ್ಲಾ."

ಅವನು ರಾಶಿಯಿಂದ ಒಂದು ಕಾಯಿ ತೆಗೆದುಕೊಂಡ. ತಾನು ಅಲ್ಲಾಡಿಸಿ ಕೇಳಿ ನೋಡಿದ. ಆಮೇಲೆ ಅವ್ವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಆ ಕಾಯನ್ನು ನನ್ನ ಕೈಗೆ ಕೊಟ್ಟು, "ಇದ್ನ ಬದಲಾಯಿಸ್ಬ್ಯಾಡ" ಎಂದು ಇಳಿದು ಹೋದ. ಗೋಡೆಯಾಚೆ ಮಿಲ್ಲು ನಿಂತಿತು. ಬೆಲ್ಟು ತಿರುಗಿ ತಿರುಗಿ ನಿಲ್ಲುವ ತನಕ ನಾವಿಬ್ಬರೂ ಕಾದೆವು. ಅವನು ಮತ್ತೆ ಹತ್ತಿ ಬಂದು, ನನ್ನ ಕೈಯಿಂದ ಕಾಯಿ ಇಸಿದುಕೊಂಡು, ಅವಳ ಕಿವಿಯ ಹತ್ತಿರ ಹಿಡಿದ.

"ಆಡ್ತೈತೆ ಕಣ್ಲಾ. ಚೆನ್ನಾಗಿ ಒಣಗೈತೆ" ಎಂದಳು ದೊಡ್ಡಮ್ಮ.

ಲೋಕೇಶಣ್ಣ ಕಾಯನ್ನು ಒಣಗಿದ ರಾಶಿಗೆ ಹಾಕಿ, ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡು ಇಳಿದ. ಆ ಬೆಳಿಗ್ಗೆ ಅವಳು ಕೆಳಗಿಳಿಯುವ ತನಕ ಮಿಲ್ಲು ಮತ್ತೆ ಶುರುವಾಗಲಿಲ್ಲ.

ಪ್ರದರ್ಶನದಲ್ಲಿ ನಾನು ಮೊದಲು ಮಿಲ್ಲಿನ ಕಂಬವನ್ನೇ ತೋರಿಸಿದೆ, ಹೇಗೆ ಮೋಸಹೋದೆ ಎಂದು ಹೇಳಿದೆ. ಬಹುಮಾನ ಬರಲಿಲ್ಲ. ಸಿಗ್ನಲ್ಸ್ ಪಾಸಾಯಿತು. ದೊಡ್ಡಮ್ಮ ಆರಿಸಿದ ಲಾಟು ಮಾರುಕಟ್ಟೆಗೆ ಹೋಯಿತು. ವಾಪಸ್ ಬರಲಿಲ್ಲ.

ಯುಗಾದಿಗೆ ಇನ್ನೇನು ಕೆಲವು ದಿನ ಇದೆ ಎನ್ನುವಾಗ, ಎಳನೀರು ವ್ಯಾಪಾರಿ ಮಾತು ಕೇಳಲು ಬೈಕಿನಲ್ಲಿ ಬಂದ. ನಾನು ಕಾಲೇಜಿಗೆ ಹೊರಟು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ತ್ರೀ ಫೇಸ್ ಬಂದು ಆಗಲೇ ಅರ್ಧ ಗಂಟೆಯಾಗಿತ್ತು. ಕೊಟ್ಟಿಗೆಯ ಮುಂದೆ ರಾಗಿ ಚೀಲ ಇಳಿಸಿಕೊಂಡು ಐದಾರು ಜನ ಕೂತಿದ್ದರು. ಮಿಲ್ಲು ಓಡುತ್ತಿರಲಿಲ್ಲ. ಲೋಕೇಶಣ್ಣ ಬಾಗಿಲಿಗೆ ಒರಗಿ ನಿಂತಿದ್ದ.

"ಏನ್ ಲೋಕೇಶಪ್ಪ, ಕರೆಂಟು ಐತಲ್ಲ, ಮಿಲ್ಲು ಕೆಟ್ಟೋಯ್ತಾ?" ಎಂದು ವ್ಯಾಪಾರಿ ದೊಡ್ಡ ದನಿಯಲ್ಲಿ ಕೇಳಿದ. "ಅಟ್ಟ ಯಾವಾಗ ಬಿಚ್ತೀರಿ, ನಮ್ಮ ಹುಡುಗ್ರನ್ನ ಯಾವಾಗ ಕಳಿಸ್ಲಿ?"

"ಅಟ್ಟ ಬಿಚ್ಚಲ್ಲ ಕಣಪ್ಪ" ಎಂದ ಲೋಕೇಶಣ್ಣ, ದನಿ ತಗ್ಗಿಸಿ. "ಮೆಲ್ಲಗೆ ಮಾತಾಡು. ಅವ್ವ ಕಾಯಿ ಕೇಳ್ತಾವ್ಳೆ."